ಹಳಿ ತಪ್ಪಿಸುವ ಉದ್ಯೋಗ

ಪಗಡೆಯ ಹಾಸಿನ ಮುಂದೆ ಕುಳಿತು ರಾಜ್ಯವನ್ನೇ ಕಳೆದುಕೊಂಡ ಧರ್ಮರಾಯನಿಗೆ ದಾಳವನ್ನು ದೂರುವ ಸೌಕರ್ಯವಾದರೂ ಇದ್ದಿತು. ನಾನು ಹೇಳಹೊರಟಿರುವ ಆಟದಲ್ಲಿ ಆ ಸಮಾಧಾನವೂ ಇಲ್ಲ. ಇದರಲ್ಲಿ ದಾಳವಿಲ್ಲ, ಕವಡೆಯಿಲ್ಲ. ಸೋತವನು ತನ್ನ ಬುದ್ಧಿಯನ್ನಲ್ಲದೆ ಮತ್ತಾರನ್ನೂ ಹಳಿಯುವಂತಿಲ್ಲ. ರೈಲ್ವೆ ಕಂಪನಿಗಳ ಶೇರು ಕೊಳ್ಳುವುದು, ನಕ್ಷೆಯ ಮೇಲೆ ಹಳಿ ಹಾಸುವುದು, ರೈಲು ಓಡಿಸುವುದು, ಬಂದ ಲಾಭವನ್ನು ಹಂಚುವುದು ಅಥವಾ ಹಂಚದೆ ಬೊಕ್ಕಸದಲ್ಲಿಡುವುದು: ಇಷ್ಟೇ ಆಟ. ಇಷ್ಟೇ ಎಂದೆನೆ? ಒಂದು ಆಟ ಮುಗಿಯಬೇಕಾದರೆ ಐದಾರು ಗಂಟೆ ಬೇಕು.

ಇಂಗ್ಲೆಂಡಿನ ಫ್ರಾನ್ಸಿಸ್ ಟ್ರೆಷಮ್ ಎಂಬವರು 1974ರಲ್ಲಿ ‘1829’ ಎಂಬ ಆಟವನ್ನು ಹೊರತಂದರು. ಇಸವಿಯನ್ನೇ ಹೆಸರಾಗಿಸಿದ ಈ ಪದ್ಧತಿ ಮುಂದೆ ಒಂದು ವಂಶವನ್ನೇ ಬೆಳೆಸಿತು. 1986ರಲ್ಲಿ ಅಮೆರಿಕದ ನಕ್ಷೆಯ ‘1830’ ಬಂದಿತು. 1989ರಲ್ಲಿ ನಮ್ಮ ದೇಶದ್ದೇ ಆದ ‘1853’ ಬಂದಿತು. ಆ ವರ್ಷದ ಏಪ್ರಿಲ್ 16ರಂದು ಸಾಹಿಬ್, ಸಿಂಧ್, ಸುಲ್ತಾನ್ ಎಂಬ ಮೂರು ಇಂಜಿನ್ನುಗಳು ಬೋರಿಬಂದರಿನಿಂದ ಠಾಣೆಗೆ ಗಾಡಿಯನ್ನೆಳೆದುದನ್ನು ನಾವೆಲ್ಲ ಶಾಲೆಯಲ್ಲಿ ಉರುಹೊಡೆದವರೇ. ಟ್ರೆಷಮ್ 2019ರಲ್ಲಿ ತೀರಿಕೊಂಡರು. ಅವರ ಆಟದ ಸಂತತಿ ಮಾತ್ರ ಈಗಲೂ ಹೆಚ್ಚುತ್ತಲೇ ಇದೆ.

‘1830’ರಲ್ಲಿ ಅತ್ಯಂತ ಅಗ್ಗದ ರೈಲಿಗೆ 80 ಡಾಲರು. ಮುಂದಿನದು 180, ಆಮೇಲೆ 300, 450, 630. ಕೊನೆಗೆ 1100ರ ಡೀಸೆಲ್. ಯಾರಾದರೊಬ್ಬರು ಮೊದಲ 300ರ ರೈಲನ್ನು ಕೊಂಡ ಕ್ಷಣವೇ ಎಲ್ಲರ ಬಳಿಯಿರುವ 80ರ ರೈಲುಗಳಿಗೆಲ್ಲ ತುಕ್ಕು ಹಿಡಿದು ಅವು ಗುಜರಿಗೆ ಹೋಗುತ್ತವೆ. ನೆರೆಯವನು ಹೊಸ ಗಾಡಿ ಕೊಂಡನೆಂದು ನಮ್ಮ ಗಾಡಿ ಕೆಡುವುದೆಲ್ಲಿಯ ನ್ಯಾಯವೆಂದು ಕೇಳಬಹುದು. ಮೊಬೈಲು ಫೋನು ಕೊಂಡವರಾರೂ ಹಾಗೆ ಕೇಳಲಾರರು. ಹೀಗೆ ರೈಲಿಲ್ಲದೆ ಉಳಿದ ಕಂಪನಿ, ಓಡಿಸಲು ದಾರಿಯಿದ್ದ ಪಕ್ಷದಲ್ಲಿ, ಹೊಸದೊಂದನ್ನು ಕೊಳ್ಳಲೇಬೇಕು. ಬೊಕ್ಕಸದಲ್ಲಿ ಹಣ ಸಾಲದಿದ್ದರೆ ಅಧ್ಯಕ್ಷನು ಸ್ವಂತ ಜೇಬಿನಿಂದ ಕೊಡಬೇಕು, ತನ್ನ ಶೇರುಗಳನ್ನು ಮಾರಿಯಾದರೂ ಕೊಡಬೇಕು. ಅದೂ ಆಗದಿದ್ದರೆ ಅವನು ದಿವಾಳಿ. ಆಟ ಅಲ್ಲಿಗೇ ಮುಗಿಯುತ್ತದೆ. ಆದುದರಿಂದಲೇ ಜಾಣರು ಕಂಪನಿಯನ್ನು ಮೊದಲೇ ಬರಿದುಮಾಡಿ, ಶೇರು ಮಾರಿ, ಅಧ್ಯಕ್ಷಗಿರಿಯನ್ನು ಪಕ್ಕದವನ ಕೊರಳಿಗೆ ಕಟ್ಟಿ ನಗುತ್ತಾರೆ. ಶೇರು ಪೇಟೆಯ ಸಮಯದಲ್ಲಿ ಹಾಗೆ ಮಾಡಲು ನಿಯಮದ ಒಪ್ಪಿಗೆಯಿದೆ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು.

ಇಂಥ ಆಟವನ್ನು ಕಂಪ್ಯೂಟರಿಗೆ ಇಳಿಸಬೇಕೆಂಬ ಆಸೆ ಸಹಜವಾದದ್ದು. 1995ರಲ್ಲಿ ‘1830’ರ ಒಂದು ಕಂಪ್ಯೂಟರು ಆವೃತ್ತಿ ಮಾರಾಟಕ್ಕೆ ಬಂದದ್ದುಂಟು. ಆಮೇಲೆ ಈ ಕೆಲಸವನ್ನು ಕೈಗೆತ್ತಿಕೊಂಡವರು ಹೆಚ್ಚಾಗಿ ಸಂಬಳವಿಲ್ಲದ ಹವ್ಯಾಸಿಗಳು. ಜಾವಾ ಭಾಷೆಯಲ್ಲಿ ಬರೆದ ‘ರೈಲ್ಸ್’ ಎಂಬ ತಂತ್ರಾಂಶ ಅಂಥವರ ದುಡಿಮೆಯ ಫಲ. ಅದರ ಮೂಲಬರಹ ಯಾರು ಬೇಕಾದರೂ ಓದಿ ತಿದ್ದಬಹುದಾದ ತೆರೆದ ಪುಸ್ತಕ. ಹಗಲು ಬ್ಯಾಂಕಿನಲ್ಲೋ ಕಾರ್ಖಾನೆಯಲ್ಲೋ ದುಡಿದು ಬಂದವರು, ಊಟ ಮುಗಿಸಿ, ಮಕ್ಕಳನ್ನು ಮಲಗಿಸಿ, ಎಂದೂ ಓಡದ ರೈಲುಗಳ ಆದಾಯವನ್ನು ಲೆಕ್ಕಹಾಕಲು ಕೂರುತ್ತಾರೆ. ಆ ಲೆಕ್ಕವೇನೂ ಸುಲಭವಲ್ಲ. ಒಂದೇ ಕಂಪನಿಯ ಎರಡು ರೈಲುಗಳು ಒಂದೇ ಹಳಿಯ ತುಂಡನ್ನು ಬಳಸಕೂಡದು. ಆದರೂ ಎಲ್ಲ ರೈಲುಗಳಿಂದ ಒಟ್ಟಾರೆ ಅತಿ ಹೆಚ್ಚಿನ ಉತ್ಪನ್ನ ಬರುವ ದಾರಿಗಳನ್ನು ಹುಡುಕಬೇಕು. ನಕ್ಷೆ ತುಂಬಿದಂತೆಲ್ಲ ಸಾಧ್ಯತೆಗಳು ರಕ್ತಬೀಜಾಸುರನ ಸಂತಾನದಂತೆ ಹೆಚ್ಚುತ್ತವೆ.

ಜರ್ಮನಿಯಲ್ಲಿರುವ ನನ್ನ ತಮ್ಮ ಅಂಥದೊಂದು ತಂಡದಲ್ಲಿದ್ದಾನೆ. ನಮ್ಮ ತಂದೆಯವರು ಅರಸೀಕೆರೆಯ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತರಾಗಿದ್ದವರು. ರೈಲಿನ ಹುಚ್ಚು ನಮ್ಮಿಬ್ಬರಿಗೂ ಬಂದದ್ದು ಅಲ್ಲಿಂದ. ಅವರು ಕೊನೆಯ ಹನ್ನೊಂದು ತಿಂಗಳು ಹಾಸಿಗೆ ಹಿಡಿದಾಗ ಬೆಂಗಳೂರಿಗೂ ಅರಸೀಕೆರೆಗೂ ಓಡಾಡಿದವನು ನಾನು. ಅವರು ಹೋದ ಮೇಲೆ ಮನೆ ಮಾರುವ ವಿಷಯದಲ್ಲಿ ಒಂದು ಮಾತಿಗೆ ಇನ್ನೊಂದು ಬೆಳೆಯಿತು. ಆಮೇಲೆ ಎರಡು ವರ್ಷ ನಮ್ಮ ಸಂಭಾಷಣೆ ಯುಗಾದಿ, ದೀಪಾವಳಿಗಳ ಶುಭಾಶಯಕ್ಕೆ ಸೀಮಿತವಾಯಿತು.

ಒಂದು ದಿನ ಅವನಿಂದ ಪತ್ರ ಬಂದಿತು: “ಅಣ್ಣ, ನೀನು ವ್ಯಾಕರಣ ಓದಿದವನು. ಈ ನಿಯಮಾವಳಿಯನ್ನು ಓದಿ, ಎಲ್ಲೆಲ್ಲಿ ಎರಡರ್ಥ ಬರುತ್ತದೆ ಹೇಳುತ್ತೀಯಾ? ಹಾಗೆಯೇ ಆಡಿ ನೋಡು. ಸರಿಯಾಗಿ ಆಡಬೇಡ, ಹಳಿ ತಪ್ಪಿಸಲು ನೋಡು.”

ಕೇಶಿರಾಜನ ‘ಶಬ್ದಮಣಿದರ್ಪಣ’ದಲ್ಲಿ ಸೂತ್ರದ ಬೆನ್ನಿಗೆ ವೃತ್ತಿ, ವೃತ್ತಿಯ ಬೆನ್ನಿಗೆ ಪ್ರಯೋಗ ಬರುತ್ತದೆ. ಆಟದ ನಿಯಮಾವಳಿಗಳಲ್ಲಿ ಸೂತ್ರ ಬೇಕಾದಷ್ಟಿದೆ, ಪ್ರಯೋಗಕ್ಕೆ ಬಡತನ. ಮೇಜಿನ ಸುತ್ತ ಕುಳಿತವರು “ಹೋಗಲಿ ಬಿಡಿ, ಹೀಗೆಂದಿಟ್ಟುಕೊಳ್ಳೋಣ” ಎಂದು ಸಂಶಯವನ್ನು ದಾಟಿಬಿಡುತ್ತಾರೆ. ಕಂಪ್ಯೂಟರಿಗೆ ಆ ದಾಕ್ಷಿಣ್ಯವಿಲ್ಲ. ಅದಕ್ಕೆ ಉತ್ಸರ್ಗವನ್ನೂ ಹೇಳಬೇಕು, ಅಪವಾದವನ್ನೂ ಹೇಳಬೇಕು, ಎರಡೂ ಒಟ್ಟಿಗೆ ಎದುರಾದಾಗ ಯಾವುದು ಬಲವತ್ತರವೆಂಬುದನ್ನೂ ಹೇಳಬೇಕು. ಕಾಲೇಜಿನಲ್ಲಿ ವ್ಯಾಕರಣದ ತರಗತಿಯೆಂದರೆ ಕಿಟಕಿಯಾಚೆ ನೋಡುವ ವಿದ್ಯಾರ್ಥಿಗಳನ್ನು ಕಂಡು ಬೇಸತ್ತಿದ್ದ ನನಗೆ, ಇಷ್ಟು ಶ್ರದ್ಧೆಯಿಂದ ಅಪವಾದಗಳನ್ನು ಕೇಳಿಕೊಳ್ಳುವ ಶಿಷ್ಯ ಸಿಕ್ಕಿದ್ದೇ ಒಂದು ಭಾಗ್ಯವೆನಿಸಿತು. ರಾತ್ರಿ ಹನ್ನೊಂದಾದರೂ ದೀಪ ಆರದು. “ಸಂಬಳವಿಲ್ಲದ ಕೆಲಸಕ್ಕೆ ರಜೆಯೂ ಇಲ್ಲವೇನೂಂದ್ರೆ?” ಎಂದು ನನ್ನ ಶ್ರೀಮತಿ ಕೇಳಿದಳು. ಕೇಳಿದವಳನ್ನೇ ಆಟಕ್ಕೆ ಕೂರಿಸಿಕೊಂಡೆ. ಹತ್ತು ವರ್ಷದ ಮಗನೂ ಸೇರಿದ.

ಪರೀಕ್ಷಕರಲ್ಲಿ ಮಕ್ಕಳಿಗೆ ಸಮಾನರಿಲ್ಲ. ದೊಡ್ಡವರು ಬುದ್ಧಿವಂತರಂತೆ ಆಡುತ್ತಾರೆ. ಬುದ್ಧಿವಂತರು ಹೋಗದ ದಾರಿಯಲ್ಲಿಯೇ ದೋಷ ಅಡಗಿರುತ್ತದೆ. ನಮ್ಮ ಹುಡುಗನ ಕಂಪನಿಯ ರೈಲುಗಳಿಗೆ ತುಕ್ಕು ಹಿಡಿದು, ಬೊಕ್ಕಸ ಬರಿದಾಗಿ, ಅವನು 450ರ ರೈಲನ್ನು ಕೊಳ್ಳಲೇಬೇಕಾದ ಘಟ್ಟ ಬಂದಿತು. ಹಣ ಹೊಂದಿಸುವ ನೆಪದಲ್ಲಿ ಅವನು ಅದೇ ಕಂಪನಿಯ ಶೇರುಗಳನ್ನು ಮಾರತೊಡಗಿದ. ಅವನ ಪಾಲಿಗಿಂತ ಅವನ ತಾಯಿಯ ಪಾಲು ಹೆಚ್ಚಾಯಿತು. ಯಂತ್ರ ಒಡನೆಯೇ ಆಕೆಯನ್ನು ಅಧ್ಯಕ್ಷಳನ್ನಾಗಿ ಮಾಡಿ, ರೈಲಿನ ಬಾಕಿಯನ್ನು ಆಕೆಯ ಕೈಯಿಂದಲೇ ಕೇಳಿತು! “ಅಪ್ಪಾ, ಅಮ್ಮನೇ ಕೊಡಬೇಕಂತೆ!” ಎಂದು ಅವನು ಕುಣಿದ. ಆಕೆಯ ಮುಖವನ್ನು ನಾನು ವರ್ಣಿಸುವುದಿಲ್ಲ.

ನಿಯಮ ಸ್ಪಷ್ಟವಾಗಿದೆ. ಕಡ್ಡಾಯದ ಖರೀದಿಯ ನಡುವೆ ಆ ಕಂಪನಿಯ ಅಧ್ಯಕ್ಷಗಿರಿ ಕೈಬದಲಾಗುವಂತೆ ಶೇರು ಮಾರಕೂಡದು. ನಾನು ಅಂದೇ ರಾತ್ರಿ ತಮ್ಮನಿಗೆ ಬರೆದೆ: “ಹಣ ತೆರಬೇಕಾದ ಹೊತ್ತಿನಲ್ಲಿ ಯಜಮಾನಿಕೆಯನ್ನು ಇನ್ನೊಬ್ಬರ ತಲೆಗೆ ಕಟ್ಟಿ ಪಾರಾಗುವ ಅವಕಾಶ ಇಲ್ಲಿ ಉಳಿದುಕೊಂಡಿದೆ. ಇದು ಇರಕೂಡದು.” ದೋಷವರದಿಯೆಂದರೆ ಹೀಗೆಯೇ ಖಚಿತವಾಗಿರಬೇಕೆಂದು ಅವನೇ ನನಗೆ ಕಲಿಸಿದ್ದ.

ಸಾಮಾನ್ಯವಾಗಿ ಬೆಳಗಾಗುವುದರೊಳಗೆ ಉತ್ತರ ಬರುತ್ತಿದ್ದಿತು. ಈ ಸಲ ನಾಲ್ಕು ದಿನ ಬರಲಿಲ್ಲ. ಐದನೆಯ ದಿನ ಬಂದದ್ದು ಮೂರೇ ಸಾಲು: “ದೋಷ ಸರಿಪಡಿಸಿದ್ದೇನೆ, ನೋಡು. ಅಣ್ಣ, ಅಪ್ಪನ ಆಸ್ಪತ್ರೆಯ ಲೆಕ್ಕವನ್ನು ನೀನು ಎಂದೂ ನನಗೆ ಹೇಳಲಿಲ್ಲ. ಭಾನುವಾರ ಫೋನು ಮಾಡುತ್ತೇನೆ, ಹೇಳು.”

ಭಾನುವಾರ ಒಂದೂವರೆ ಗಂಟೆ ಮಾತಾಯಿತು. ಅದರ ವಿವರ ಇಲ್ಲಿ ಬೇಕಿಲ್ಲ. ಲೆಕ್ಕಕ್ಕೆ ಹಿಡಿದದ್ದು ಹತ್ತು ನಿಮಿಷ. ಉಳಿದ ಹೊತ್ತು ತಂದೆಯವರ ಮಾತೇ.

ನಮ್ಮ ಮನೆಯ ಆ ಆಟವನ್ನು ತಂಡದವರು ಪರೀಕ್ಷೆಗೆಂದು ಉಳಿಸಿಕೊಂಡಿದ್ದಾರೆ. ಇಂಥ ತಂತ್ರಾಂಶಗಳಲ್ಲಿ ಹಳೆಯ ಆಟಗಳನ್ನು ಕೂಡಿಡುವುದುಂಟು. ಯಾರಾದರೂ ಮೂಲಬರಹದಲ್ಲಿ ಒಂದು ಸಾಲನ್ನು ಬದಲಿಸಿದರೆ ಯಂತ್ರ ಅವನ್ನೆಲ್ಲ ತಾನೇ ಮತ್ತೊಮ್ಮೆ ಆಡಿ, ಫಲಿತಾಂಶ ಮೊದಲಿನಂತೆಯೇ ಬರುತ್ತದೆಯೇ ಎಂದು ನೋಡುತ್ತದೆ. ಹಾಗಾಗಿ ಎಲ್ಲೋ ಒಂದು ದೇಶದಲ್ಲಿ, ನಮ್ಮ ಪರಿಚಯವೇ ಇಲ್ಲದ ಯಾರೋ ಒಬ್ಬರು ತಿದ್ದುಪಡಿ ಮಾಡಿದಾಗಲೆಲ್ಲ ನನ್ನ ಮಗ ತಾಯಿಯನ್ನು ಸಿಕ್ಕಿಸಲು ಹೊರಡುತ್ತಾನೆ; ಯಂತ್ರ ‘ಆಗದು’ ಎನ್ನುತ್ತದೆ.

ಈಗ ತಮ್ಮನ ಮನಸ್ಸು ‘1853’ರ ಕಡೆ ತಿರುಗಿದೆ. ನಮ್ಮ ದೇಶದ ಆಟವಾದುದರಿಂದ ಅದರಲ್ಲಿ ಹಳಿಗಳ ಅಗಲದ್ದೂ ಒಂದು ತೊಡಕಿದೆ. ಗೇಜು ಬದಲಾಗುವ ಕಡೆ ಮೂಟೆಗಳನ್ನು ಒಂದು ಗಾಡಿಯಿಂದಿಳಿಸಿ ಇನ್ನೊಂದಕ್ಕೇರಿಸುತ್ತಿದ್ದ ಕಾಲದ ಬಗ್ಗೆ ಅಪ್ಪ ಹೇಳುತ್ತಿದ್ದುದರಲ್ಲಿ ನಿನಗೇನು ನೆನಪಿದೆ ಎಂದು ಕೇಳಿದ್ದಾನೆ. ನೆನಪಾದಷ್ಟನ್ನು ಬರೆಯುತ್ತಿದ್ದೇನೆ. ಶ್ರೀಮತಿ ಮಾತ್ರ ಆ 450 ಡಾಲರುಗಳನ್ನು ಇನ್ನೂ ಮರೆತಿಲ್ಲ. ಮುಂದಿನ ಆಟದಲ್ಲಿ ಮಗನ ಕಂಪನಿಯ ಶೇರನ್ನು ಮುಟ್ಟುವುದಿಲ್ಲವೆಂದು ಹೇಳಿದ್ದಾಳೆ.