ರಂಧ್ರಾನ್ವೇಷಣೆ

ಪರರ ದೋಷವನ್ನೇ ಹುಡುಕುತ್ತಿರುವವನನ್ನು ನಾವು ರಂಧ್ರಾನ್ವೇಷಿ ಎನ್ನುತ್ತೇವೆ. ರಂಧ್ರವೆಂದರೆ ದೋಷ ಎಂಬುದು ಭಾಷೆಯಲ್ಲಿಯೇ ಇತ್ಯರ್ಥವಾಗಿಹೋಗಿದೆ. ಆದರೆ ನಮ್ಮ ಕಾಲೇಜಿನ ಭೌತಶಾಸ್ತ್ರದ ಮಿತ್ರರೊಬ್ಬರು ರಂಧ್ರಗಳನ್ನು ಬಹು ಜೋಪಾನವಾಗಿ ಸಾಕುತ್ತಾರೆ. ಅವರು ತಯಾರಿಸುವುದು ಗಾಳಿಯ ತೇವವನ್ನು ಗುರುತಿಸಬಲ್ಲ ಪಿಂಗಾಣಿ ಬಿಲ್ಲೆಗಳನ್ನು.

ವಿಧಾನ ಕೇಳಿದರೆ ಅಡುಗೆಯಂತೆಯೇ ಇದೆ. ಲೋಹದ ಆಕ್ಸೈಡುಗಳ ಪುಡಿಯನ್ನು ಕಲ್ಬತ್ತಿನಲ್ಲಿ ನುಣ್ಣಗೆ ಅರೆದು, ಅಂಟು ಸೇರಿಸಿ, ಅಚ್ಚಿನಲ್ಲಿ ಒತ್ತಿ, ಕುಲುಮೆಯಲ್ಲಿ ಸುಡಬೇಕು. ಜಾಣತನವಿರುವುದು ಈ ಸುಡುವುದರಲ್ಲಿ. ಹೆಚ್ಚು ಬೆಂದರೆ ಕಣಗಳು ಒಂದಕ್ಕೊಂದು ಬೆಸೆದು ರಂಧ್ರಗಳು ಮುಚ್ಚಿಹೋಗುತ್ತವೆ. ಬಿಲ್ಲೆ ಗಟ್ಟಿಯಾಗುತ್ತದೆ, ಆದರೆ ಕಿವುಡಾಗುತ್ತದೆ. ಹದವಾಗಿ ಬೆಂದದ್ದರಲ್ಲಿ ಮಾತ್ರ ಗಾಳಿಯ ನೀರಾವಿ ಒಳಹೊಕ್ಕು, ರಂಧ್ರಗಳ ಗೋಡೆಗೆ ಪದರಪದರವಾಗಿ ಹತ್ತುತ್ತದೆ. ಆ ಪದರಗಳಲ್ಲಿ ಪ್ರೋಟಾನುಗಳು ಒಂದು ಅಣುವಿನಿಂದ ಇನ್ನೊಂದಕ್ಕೆ ಜಿಗಿಯುತ್ತ ವಿದ್ಯುತ್ತನ್ನು ದಾಟಿಸುತ್ತವೆ. ತೇವ ಏರಿದಂತೆ ವಿದ್ಯುತ್ ರೋಧ ಇಳಿಯುತ್ತದೆ. ಅದನ್ನು ಅಳೆದರೆ ತೇವ ಎಷ್ಟೆಂದು ತಿಳಿಯಿತು.

ಬಿಲ್ಲೆಯನ್ನು ಪರೀಕ್ಷಿಸುವ ಉಪಾಯ ಇನ್ನೂ ಸೊಗಸು. ಮುಚ್ಚಿದ ಸೀಸೆಯಲ್ಲಿ, ಇನ್ನು ಕರಗದು ಎನ್ನುವಷ್ಟು ಅಡುಗೆ ಉಪ್ಪು ಬೆರೆಸಿದ ನೀರಿಟ್ಟರೆ, 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಳಗಿನ ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇಕಡ 75ಕ್ಕೆ ನಿಲ್ಲುತ್ತದೆ. ಮಳೆಗಾಲದಲ್ಲಿ ನಮ್ಮ ಮನೆಯ ಉಪ್ಪು ನೀರೊಡೆಯುವುದೂ ಗಾಳಿ ಆ ಗೆರೆಯನ್ನು ದಾಟಿದಾಗಲೇ!

ಇಂಥ ಪಿಂಗಾಣಿ ತೀರ ಹೊಸದೇನಲ್ಲ. ಜಪಾನಿನ ನಿಟ್ಟ ಮತ್ತು ಸಂಗಡಿಗರು ಮೆಗ್ನೀಸಿಯಂ, ಕ್ರೋಮಿಯಂ, ಟೈಟಾನಿಯಂ ಆಕ್ಸೈಡುಗಳಿಂದ ಮಾಡಿದ್ದರ ವಿವರವನ್ನು 1980ರಲ್ಲಿಯೇ ಪ್ರಕಟಿಸಿದರು. ಆದರೆ ಬಹುಕಾಲ ದುಡಿದ ಬಿಲ್ಲೆಗೆ ಒಂದು ವ್ಯಾಧಿ ಉಂಟು. ಮೊದಲು ಬಂದ ನೀರು ಹೈಡ್ರಾಕ್ಸಿಲ್ ಆಗಿ ಗೋಡೆಯನ್ನು ಕಚ್ಚಿಕೊಂಡುಬಿಡುತ್ತದೆ. ಧೂಳು, ಎಣ್ಣೆಯ ಜಿಡ್ಡು ಕೂಡುತ್ತವೆ. ಹೊಸ ತೇವ ಅದಕ್ಕೆ ಸರಿಯಾಗಿ ತಟ್ಟುವುದಿಲ್ಲ. ಮದ್ದೂ ಬೆಂಕಿಯೇ. 400 ಡಿಗ್ರಿಗೂ ಮೀರಿ ಕಾಯಿಸಿದರೆ, ಹಿಡಿದುಕೊಂಡಿದ್ದನ್ನು ಬಿಟ್ಟು ಮತ್ತೆ ಎಚ್ಚರಗೊಳ್ಳುತ್ತದೆ.

ಇದನ್ನು ಕೇಳಿದಂದಿನಿಂದ ನನಗೊಂದು ಅಳುಕು. ಇಪ್ಪತ್ತು ವರ್ಷಗಳಿಂದ ಕನ್ನಡ ಪಾಠ ಹೇಳುತ್ತಿದ್ದೇನೆ. ಯಾವ ಪದ್ಯಕ್ಕೆ ತರಗತಿ ತಲೆದೂಗುತ್ತದೆ, ಯಾವುದಕ್ಕೆ ಆಕಳಿಸುತ್ತದೆ ಎಂಬುದನ್ನು ಪುಸ್ತಕ ತೆರೆಯುವ ಮೊದಲೇ ಬಲ್ಲೆ. ಕೊನೆಯ ಬೆಂಚಿನಲ್ಲಿ ಯಾರದಾದರೂ ಕಣ್ಣು ಒದ್ದೆಯಾದರೆ ನಾಳೆಯೂ ನನಗೆ ತಿಳಿದೀತೆ? “ಮೇಷ್ಟರು ಚೆನ್ನಾಗಿ ಪಳಗಿದವರು” ಎಂದು ಜನ ಮೆಚ್ಚಿದಾಗ, ಅದು ಹದವೋ ಅಥವಾ ರಂಧ್ರ ಮುಚ್ಚಿದ್ದರ ಲಕ್ಷಣವೋ? ಬಿಲ್ಲೆಗಾದರೆ ಕುಲುಮೆಯಿದೆ, ಮೇಷ್ಟರಿಗೆ ಎಲ್ಲಿಂದ ತರುವುದು?

ಹೀಗಾಗಿ ನನ್ನ ರಂಧ್ರಾನ್ವೇಷಣೆ ಈಗ ನನ್ನೊಳಗೇ ನಡೆದಿದೆ. ಒಂದೆರಡಾದರೂ ಉಳಿದಿದ್ದರೆ ಸಾಕು.