ಮೀಟರಿನ ಕೆಂಪು ದೀಪ

ದಮ್ಮಾಮಿನಲ್ಲಿ ಹದಿನಾರು ವರ್ಷ ನಾನು ಎ.ಸಿ. ಮೆಕ್ಯಾನಿಕ್ ಆಗಿದ್ದೆ. ಕೊನೆಯ ಐದು ವರ್ಷ ಒಂದು ಕಂಪೆನಿಯ ಸರ್ವರ್ ರೂಮನ್ನು ತಂಪಾಗಿಡುವುದೇ ನನ್ನ ಮುಖ್ಯ ಕೆಲಸ. ಹೊರಗೆ 47 ಡಿಗ್ರಿ ಸುಡುಬಿಸಿಲು, ಒಳಗೆ 22 ಡಿಗ್ರಿ. ಆ ಕಬ್ಬಿಣದ ಕಪಾಟುಗಳೊಳಗೆ ಏನು ನಡೆಯುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ, ಯಾರೂ ಹೇಳಿರಲೂ ಇಲ್ಲ. ಒಮ್ಮೆ ಅಲ್ಲಿನ ಮಲಯಾಳಿ ಇಂಜಿನಿಯರ್ ಒಬ್ಬ ಒಂದು ಪೆಟ್ಟಿಗೆ ತೋರಿಸಿ, "ಇಕ್ಕಾ, ಇದರೊಳಗೆ ನಲವತ್ತು ಕಂಪ್ಯೂಟರ್ ಇದೆ" ಎಂದಾಗ ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡೆ. ನನ್ನ ಪಾಲಿಗೆ ಅವೆಲ್ಲ ಬಿಸಿ ಉಗುಳುವ ಪೆಟ್ಟಿಗೆಗಳು. ಒಂದು ಟನ್ನಿನ ಎ.ಸಿ. ಸುಮಾರು ಮೂರೂವರೆ ಕಿಲೋವ್ಯಾಟ್ ಬಿಸಿಯನ್ನು ಹೊರಹಾಕುತ್ತದೆ. ನನ್ನ ಲೆಕ್ಕ ಅಷ್ಟಕ್ಕೇ ಮುಗಿಯುತ್ತಿತ್ತು.

2020ರಲ್ಲಿ ಕೊರೋನಾ ಬಂತು, ಕೆಲಸ ಹೋಯಿತು. ಮಂಗಳೂರಿನ ಹೊರವಲಯದ ಮನೆಗೆ ಮರಳಿದೆ. ಇಲ್ಲಿ ಎ.ಸಿ. ರಿಪೇರಿಗೆ ಮಾರ್ಚ್‌ನಿಂದ ಮೇವರೆಗೆ ಪುರುಸೊತ್ತಿಲ್ಲ, ಮಳೆ ಬಿದ್ದರೆ ಕೇಳುವವರಿಲ್ಲ.

2024ರಲ್ಲಿ ಮಗಳು ಬಿಸಿಎ ಮುಗಿಸಿದಳು. ಸರ್ವರ್‌ಗಳನ್ನು ನಡೆಸುವ ಕೆಲಸ ಕಲಿಯಬೇಕೆಂಬುದು ಅವಳ ಆಸೆ. ಆದರೆ ಯಾವ ಜಾಹೀರಾತು ನೋಡಿದರೂ ಕೆಲಸ ಮಾಡಿದ ಅನುಭವ ಬೇಕು ಎನ್ನುತ್ತಿದ್ದವು. ನಗರದ ತರಬೇತಿ ಕೇಂದ್ರವೊಂದರಲ್ಲಿ ವಿಚಾರಿಸಿದೆವು. ಶುಲ್ಕ 45 ಸಾವಿರ. ಯಂತ್ರದ ಮುಂದೆ ಕೂರಲು ಸಿಗುವುದು ವಾರಕ್ಕೆ ಎರಡು ಗಂಟೆ. ಬಸ್ಸಿನಲ್ಲಿ ಮರಳುವಾಗ ಅವಳೇ ಹೇಳಿದಳು, "ಬಾಪಾ, ಲ್ಯಾಬನ್ನು ಮನೆಯಲ್ಲೇ ಕಟ್ಟಬಹುದು."

ವರ್ಚುವಲೈಸೇಶನ್ ಎಂದರೇನು ಎಂದು ಅವಳು ನನಗೆ ವಿವರಿಸಿದ್ದು ಆ ರಾತ್ರಿ. ಗಲ್ಫ್‌ನಲ್ಲಿದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ಒಂದು ಹಳೆಯ ವಿಲ್ಲಾವನ್ನು ಪ್ಲೈವುಡ್ ಪಾರ್ಟಿಶನ್ ಹಾಕಿ ಹನ್ನೆರಡು ಜನರಿಗೆ ಬಾಡಿಗೆ ಕೊಡುತ್ತಾರಲ್ಲ, ಹಾಗೆ. ಪ್ರತಿಯೊಬ್ಬನಿಗೂ ತನ್ನ ಬಾಗಿಲು, ತನ್ನ ಬೀಗ. ಅಡುಗೆಮನೆ, ನೀರಿನ ಟ್ಯಾಂಕ್ ಮಾತ್ರ ಒಂದೇ. ಒಂದೇ ಕಂಪ್ಯೂಟರಿನ ಪ್ರೊಸೆಸರ್, ಮೆಮೊರಿ, ಡಿಸ್ಕ್‌ಗಳನ್ನು ಹೀಗೆ ಹಂಚಿಕೊಡುವ ತಂತ್ರಾಂಶದ ಹೆಸರು ಹೈಪರ್‌ವೈಸರ್. ಇದು ಹೊಸ ವಿದ್ಯೆಯೂ ಅಲ್ಲ. ಐಬಿಎಂ ಕಂಪೆನಿ 1960ರ ದಶಕದಲ್ಲೇ ತನ್ನ ದೊಡ್ಡ ಯಂತ್ರಗಳಲ್ಲಿ ಇದನ್ನು ಮಾಡಿತ್ತು. ಸಾಮಾನ್ಯ ಕಂಪ್ಯೂಟರಿನ ಪ್ರೊಸೆಸರಿಗೇ ಇದಕ್ಕೆ ಬೇಕಾದ ಸೌಕರ್ಯ ಬಂದದ್ದು 2005-06ರಲ್ಲಿ, ಇಂಟೆಲ್ ಮತ್ತು ಎಎಂಡಿ ಕಂಪೆನಿಗಳಿಂದ. ಅಂದರೆ ಆ ಮಲಯಾಳಿ ಇಂಜಿನಿಯರ್ ಹೇಳಿದ್ದು ನಿಜ.

ಮೊದಲ ತಪ್ಪು ನನ್ನದೇ. ಸರ್ವರ್ ಕಲಿಯಬೇಕಾದರೆ ಸರ್ವರೇ ಬೇಕು ಎಂದುಕೊಂಡೆ. ಪರಿಚಯದವರ ಮೂಲಕ ಬೆಂಗಳೂರಿನಿಂದ ಹತ್ತು ವರ್ಷಕ್ಕೂ ಹಳೆಯದಾದ ರ್ಯಾಕ್ ಸರ್ವರ್ ತರಿಸಿದೆ. 14 ಸಾವಿರಕ್ಕೆ ಎರಡು ಪ್ರೊಸೆಸರ್, 64 ಜಿಬಿ ಮೆಮೊರಿ. ಬಹಳ ಅಗ್ಗವಾಯಿತೆಂದು ಹಿಗ್ಗಿದೆ. ಸ್ವಿಚ್ ಹಾಕಿದಾಗ ಅದರ ಫ್ಯಾನುಗಳ ಸದ್ದಿಗೆ ನೆರೆಮನೆಯವರು ಮಿಕ್ಸಿ ಕೆಟ್ಟಿದೆಯೇ ಎಂದು ಕೇಳಿದರು. ಜೂನ್ ತಿಂಗಳ ಜಡಿಮಳೆ ಬೇರೆ. ಹೆಂಡತಿ ಚಿಕ್ಕ ಮಗನ ಒದ್ದೆ ಕಾಲುಚೀಲಗಳನ್ನು ಅದರ ಹಿಂಬದಿಯಲ್ಲಿ ಒಣಗಲು ಹಾಕಿದಳು. ಬೆಳಿಗ್ಗೆ ಗರಿಗರಿಯಾಗಿ ಒಣಗಿದ್ದವು. ಆಗಲೇ ನನಗೆ ಹೊಳೆಯಬೇಕಿತ್ತು. ತಿಂದ ಪ್ರತಿ ವ್ಯಾಟನ್ನೂ ಯಂತ್ರ ಕೊನೆಗೆ ಬಿಸಿಯಾಗಿಯೇ ಹೊರಹಾಕುತ್ತದೆ ಎಂಬುದು ನಾನು ಹದಿನಾರು ವರ್ಷ ಅನ್ನ ತಿಂದ ಪಾಠವಲ್ಲವೇ?

ತಿಂಗಳಾಗುವಾಗ ಕರೆಂಟ್ ಬಿಲ್ ಬಂತು. 2023ರಲ್ಲಿ ರಾಜ್ಯ ಸರಕಾರ ಗೃಹಜ್ಯೋತಿ ಆರಂಭಿಸಿದ ಮೇಲೆ ನಮಗೆ ಬರುತ್ತಿದ್ದದ್ದು ಸೊನ್ನೆಯ ಬಿಲ್. ಅದರ ನಿಯಮ ಹೀಗೆ: 2022-23ರ ಸರಾಸರಿ ಬಳಕೆಗೆ ಶೇಕಡಾ 10 ಸೇರಿಸಿ ಅಷ್ಟು ಯೂನಿಟ್ ಉಚಿತ. ಅದನ್ನು ದಾಟಿದರೆ ಹೆಚ್ಚಾದದ್ದಕ್ಕೆ ಹಣ. 200 ಯೂನಿಟ್ ದಾಟಿದರೆ ಇಡೀ ಬಿಲ್ ನಮ್ಮದೇ. ನಮ್ಮ ಸರಾಸರಿ 118 ಯೂನಿಟ್, ಹಾಗಾಗಿ ಮಿತಿ ಹೆಚ್ಚುಕಡಿಮೆ 130. ಆ ತಿಂಗಳು ಆದದ್ದು 233. ಸೊನ್ನೆ ಇದ್ದಲ್ಲಿ 1,700ಕ್ಕೂ ಹೆಚ್ಚು. ಮಳೆಗಾಲದಲ್ಲಿ, ನನಗೆ ಕೆಲಸವಿಲ್ಲದ ತಿಂಗಳಲ್ಲಿ.

ಹೆಂಡತಿ ಏನೂ ಹೇಳಲಿಲ್ಲ. ಬಿಲ್ಲನ್ನು ಸರ್ವರ್ ಮೇಲೆ ಇಟ್ಟು ಹೋದಳು. ಸಂಜೆ ನೋಡುವಾಗ ಮಗಳು ಅದನ್ನು ಬಂದ್ ಮಾಡಿ, ವಯರ್ ಸುತ್ತಿಟ್ಟಿದ್ದಳು. "ಬೇಡ ಬಾಪಾ. ಬೇರೇನಾದರೂ ಕಲಿಯುತ್ತೇನೆ" ಎಂದಳು. ಆ ಮಾತಿಗಿಂತ ಅವಳು ವಯರನ್ನು ಅಷ್ಟು ಚೊಕ್ಕವಾಗಿ ಸುತ್ತಿಟ್ಟಿದ್ದೇ ನನ್ನನ್ನು ಹೆಚ್ಚು ನೋಯಿಸಿತು.

ಮರುದಿನ ನಾನು ಲೆಕ್ಕಕ್ಕೆ ಕುಳಿತೆ. ಎಕ್ಸ್‌ಟೆನ್ಶನ್ ವಯರಿನ ಹೊರಕವಚ ಸೀಳಿ, ಫೇಸ್ ವಯರಿಗೆ ಮಾತ್ರ ಕ್ಲಾಂಪ್ ಮೀಟರ್ ಹಾಕಿದರೆ 0.7 ಆಂಪಿಯರ್. ಅಂದರೆ ಏನೂ ಕೆಲಸ ಮಾಡದೆ ಸುಮ್ಮನಿರುವಾಗಲೇ ಸುಮಾರು 160 ವ್ಯಾಟ್, ತಿಂಗಳಿಗೆ 115 ಯೂನಿಟ್. ಕಲಿಯುವವರ ಯಂತ್ರ ದಿನದ ಬಹುಪಾಲು ಸುಮ್ಮನೆಯೇ ಇರುತ್ತದೆ. ಹಾಗಾಗಿ ನೋಡಬೇಕಾದದ್ದು ಅದು ಎಷ್ಟು ಜೋರಾಗಿ ಓಡುತ್ತದೆ ಎಂಬುದನ್ನಲ್ಲ, ನಿಂತಲ್ಲೇ ಎಷ್ಟು ತಿನ್ನುತ್ತದೆ ಎಂಬುದನ್ನು. ನಮಗೆ ಉಳಿದಿದ್ದ ಜಾಗ ಶೇಕಡಾ 10ರ ಆ ಹನ್ನೊಂದು ಚಿಲ್ಲರೆ ಯೂನಿಟ್. 24 ಗಂಟೆ ಓಡಿಸಿ ತಿಂಗಳಿಗೆ ಅಷ್ಟರಲ್ಲೇ ಮುಗಿಯಬೇಕಾದರೆ ಯಂತ್ರ 16 ವ್ಯಾಟ್ ಮೀರಬಾರದು.

ಅಂತಹದ್ದು ಇದೆ ಎಂದು ಹುಡುಕಿದವಳು ಮಗಳು. ಡೆಲ್, ಎಚ್‌ಪಿ, ಲೆನೊವೊ ಮೂರೂ ಕಂಪೆನಿಗಳು ಕಚೇರಿಗಳಿಗಾಗಿ ದಪ್ಪ ಪುಸ್ತಕದಷ್ಟೇ ಗಾತ್ರದ ಪುಟ್ಟ ಕಂಪ್ಯೂಟರ್ ಮಾಡುತ್ತವೆ. ಲ್ಯಾಪ್‌ಟಾಪಿನಂತೆ ಅಡಾಪ್ಟರಿನಲ್ಲಿ ಓಡುವಂಥದ್ದು. ಕಚೇರಿಗಳು ಹಳೆಯದನ್ನು ಬದಲಿಸಿದಾಗ ಅವು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬರುತ್ತವೆ. ನಮಗೆ ಸಿಕ್ಕಿದ್ದು ಐ5-6500ಟಿ ಪ್ರೊಸೆಸರಿನದ್ದು. ಹೆಸರಿನ ಕೊನೆಯ ಆ 'ಟಿ' ಅಕ್ಷರ ಕಡಿಮೆ ವಿದ್ಯುತ್ತಿನ ಗುರುತು. ನಾಲ್ಕು ಕೋರ್, ಮಿತಿ 35 ವ್ಯಾಟ್. ಹತ್ತೂವರೆ ಸಾವಿರ ಕೊಟ್ಟೆವು. 8 ಜಿಬಿ ಮೆಮೊರಿಯನ್ನು 16ಕ್ಕೆ ಏರಿಸಲು ಮತ್ತೆ ಸ್ವಲ್ಪ.

ಇಷ್ಟು ಸಣ್ಣ ಬಳಕೆಯಲ್ಲಿ ಕ್ಲಾಂಪ್ ಮೀಟರನ್ನು ನಂಬುವಂತಿಲ್ಲ. ಆದರೆ ಮನೆಯ ಮೀಟರಿನ ಮೇಲೆ ಒಂದು ಕೆಂಪು ದೀಪ ಮಿನುಗುವುದನ್ನು ನೀವು ನೋಡಿರಬಹುದು. ನಮ್ಮದರಲ್ಲಿ ಅದು 3,200 ಸಲ ಮಿನುಗಿದರೆ ಒಂದು ಯೂನಿಟ್. ರಾತ್ರಿ ಎಲ್ಲರೂ ಮಲಗಿದ ಮೇಲೆ ಫ್ರಿಜ್, ಫ್ಯಾನ್, ದೀಪ ಎಲ್ಲ ಬಂದ್ ಮಾಡಿ ಅಪ್ಪ ಮಗಳು ಜಗಲಿಯಲ್ಲಿ ಮೀಟರಿನ ಕೆಳಗೆ ಕುಳಿತೆವು. ಸರ್ವರ್ ಓಡುವಾಗ ಏಳು ಸೆಕೆಂಡಿಗೊಮ್ಮೆ ಮಿನುಗಿತು. ಪುಟ್ಟ ಯಂತ್ರವೊಂದನ್ನೇ ಓಡಿಸಿದಾಗ ಕಾದೆವು, ಕಾದೆವು. ಮೀಟರ್ ಕೆಟ್ಟಿತೇನೋ ಎಂದುಕೊಂಡಾಗ ಒಮ್ಮೆ ಮಿನುಗಿತು. 110 ಸೆಕೆಂಡ್! ಅಂದರೆ ಹತ್ತು ವ್ಯಾಟಿನ ಆಸುಪಾಸು, ತಿಂಗಳಿಗೆ ಏಳು ಯೂನಿಟ್ ಚಿಲ್ಲರೆ. ಸೊಳ್ಳೆ ಕಚ್ಚಿದ್ದು ಇಬ್ಬರಿಗೂ ಗೊತ್ತಾಗಿದ್ದು ಆಮೇಲೆ.

ತಂತ್ರಾಂಶದ ವಿಷಯದಲ್ಲಿ ಅವಳದ್ದೇ ತೀರ್ಮಾನ. ವಿಎಂವೇರ್‌ನ ಉಚಿತ ಇಎಸ್‌ಎಕ್ಸ್‌ಐ 2024ರ ಫೆಬ್ರವರಿಯಲ್ಲಿ ನಿಂತುಹೋಗಿತ್ತು (2025ರ ಏಪ್ರಿಲ್‌ನಲ್ಲಿ ಮತ್ತೆ ಬಂತು). ಅವಳು ಹಾಕಿದ್ದು ಪ್ರಾಕ್ಸ್‌ಮಾಕ್ಸ್. ಅದು ಲಿನಕ್ಸ್ ಮೇಲೆ ನಿಂತದ್ದು, ಹಣ ಕೊಡದೆಯೇ ಬಳಸಬಹುದು. ಬಯಾಸ್‌ನಲ್ಲಿ ವರ್ಚುವಲೈಸೇಶನ್ ಆನ್ ಮಾಡಲು ಮರೆತು ಒಂದು ದಿನ ಹಾಳಾಯಿತು. ಈಗ ಆ ಪೆಟ್ಟಿಗೆಯೊಳಗೆ ಒಂದು ಫೈರ್‌ವಾಲ್, ಒಂದು ವೆಬ್ ಸರ್ವರ್, ಒಂದು ಡೇಟಾಬೇಸ್, ಬೇಕಾದಾಗ ಮಾತ್ರ ಏಳುವ 180 ದಿನದ ಪರೀಕ್ಷಾ ಆವೃತ್ತಿಯ ವಿಂಡೋಸ್ ಸರ್ವರ್. ಮೆಮೊರಿ ಕಡಿಮೆಯಿರುವುದರಿಂದ ಸಣ್ಣ ಕೆಲಸಗಳಿಗೆ ಪೂರ್ತಿ ಯಂತ್ರದ ಬದಲು ಕಂಟೇನರ್ ಬಳಸುತ್ತಾಳೆ. ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ಸ್ನ್ಯಾಪ್‌ಶಾಟ್. ಯಂತ್ರದ ಇಂದಿನ ಸ್ಥಿತಿಯನ್ನು ಹಿಡಿದಿಟ್ಟು, ಬೇಕೆಂದೇ ಕೆಡಿಸಿ, ಮತ್ತೆ ಮೊದಲಿನಂತೆ ಮಾಡಬಹುದು. ಕಂಪ್ರೆಸರಿಗೆ ಇಂತಹದ್ದೊಂದು ಇದ್ದಿದ್ದರೆ ನಾನು ಎಷ್ಟು ಬೈಗುಳ ತಪ್ಪಿಸಿಕೊಳ್ಳುತ್ತಿದ್ದೆ!

ನಮ್ಮ ಕಡೆ ಗಾಳಿಮಳೆಗೆ ಕರೆಂಟ್ ಹೋಗುವುದು ಮಾಮೂಲು. ಒಮ್ಮೆ ಹಾಗೆ ಹೋದಾಗ ಡೇಟಾಬೇಸ್ ಕೆಟ್ಟು, ಅವಳು ಎರಡು ರಾತ್ರಿ ಕುಳಿತು ಬ್ಯಾಕಪ್‌ನಿಂದ ಸರಿಪಡಿಸಿದಳು. ಆಮೇಲೆ ಪೆಟ್ಟಿಗೆಯನ್ನು ಮನೆಯ ಇನ್ವರ್ಟರಿಗೆ ಜೋಡಿಸಿದೆ. ಹತ್ತು ವ್ಯಾಟ್ ಆದ್ದರಿಂದ ಬ್ಯಾಟರಿಗೆ ಅದೊಂದು ಹೊರೆಯೇ ಅಲ್ಲ.

ಕಳೆದ ವರ್ಷ ಒಂದು ಸಂದರ್ಶನದಲ್ಲಿ, ಸರ್ವರ್ ಕೆಟ್ಟಾಗ ಏನು ಮಾಡುತ್ತೀರಿ ಎಂದು ಕೇಳಿದರಂತೆ. ಅವಳು ಆ ಎರಡು ರಾತ್ರಿಯ ಕಥೆ ಹೇಳಿದಳು. ಕೆಲಸ ಸಿಕ್ಕಿತು. ಸಂಬಳ ದೊಡ್ಡದಲ್ಲ, ವಾರಕ್ಕೆ ಮೂರು ದಿನ ಮನೆಯಿಂದಲೇ.

ಹಳೆಯ ಸರ್ವರನ್ನು ಗುಜರಿಯವನು ತೂಕಕ್ಕೆ ಕೊಂಡುಹೋದ. ಮೊನ್ನೆ ಮಗಳು ಬಂದು, "ಬಾಪಾ, ಕ್ಲಸ್ಟರ್ ಕಲಿಯಬೇಕು. ಒಂದು ಯಂತ್ರ ಸತ್ತರೂ ಉಳಿದವು ಬಹುಮತದಿಂದ ನಡೆಯಬೇಕಾದರೆ ಮೂರು ಬೇಕು" ಎಂದಳು. ಇನ್ನೆರಡು ಎಂದರೆ ತಿಂಗಳಿಗೆ ಇನ್ನೂ 14 ಯೂನಿಟ್. ಅಷ್ಟು ಜಾಗ ನಮಗಿಲ್ಲ. ಆದರೆ ಹಾಲ್‌ನ ಹಳೆಯ ಫ್ಯಾನ್ 75 ವ್ಯಾಟ್ ತಿನ್ನುತ್ತದೆ, ಬಿಎಲ್‌ಡಿಸಿ ಫ್ಯಾನಾದರೆ 30. ದಿನಕ್ಕೆ ಹತ್ತು ಗಂಟೆ ತಿರುಗಿದರೆ ತಿಂಗಳಿಗೆ ಹದಿಮೂರೂವರೆ ಯೂನಿಟ್ ಉಳಿತಾಯ. ಇನ್ನರ್ಧ ಯೂನಿಟ್ ಎಲ್ಲಿಂದ ತರುವುದೆಂದು ನಿನ್ನೆಯಿಂದ ಮನೆಯ ಸ್ವಿಚ್‌ಗಳನ್ನೆಲ್ಲ ನೋಡುತ್ತಾ ತಿರುಗುತ್ತಿದ್ದೇನೆ.