ಚಿರ್ಕೋ ಮಾಸ್ಸಿಮೋಗೆ ಹೋಗುವ ಮುನ್ನ ಅಪ್ರೀಲಿಯಾ

ಪಿಂಕ್ ಫ್ಲಾಯ್ಡ್ ಎಂಬ ಬ್ರಿಟಿಷ್ ರಾಕ್ ತಂಡವನ್ನು ಇಡಿಯಾಗಿ ಕಣ್ಣೆದುರು ನೋಡುವ ಭಾಗ್ಯ ನನ್ನ ಓರಗೆಯವರಿಗೆ ಇರಲಿಲ್ಲ. ರೋಜರ್ ವಾಟರ್ಸ್ 1985ರಲ್ಲಿ ತಂಡ ಬಿಟ್ಟಾಗ ನಾವಿನ್ನೂ ಸ್ಲೇಟು ಹಿಡಿಯುವ ವಯಸ್ಸಿನವರು. ಕ್ಯಾಸೆಟ್ಟುಗಳು ನಮ್ಮ ಕೈಗೆ ಬರುವಷ್ಟರಲ್ಲಿ ವಾಟರ್ಸ್ ಮತ್ತು ಗಿಟಾರ್ ವಾದಕ ಡೇವಿಡ್ ಗಿಲ್ಮೋರ್ ನಡುವೆ ತಂಡದ ಹೆಸರು ಯಾರಿಗೆ ಸೇರಬೇಕೆಂಬ ವ್ಯಾಜ್ಯ ನಡೆದು, ರಾಜಿಯಾಗಿ, ಮಾತು ನಿಂತುಹೋಗಿತ್ತು. 2005ರ ಜುಲೈ 2ರಂದು ಲಂಡನ್ನಿನ ಹೈಡ್ ಪಾರ್ಕಿನಲ್ಲಿ, ಲೈವ್ 8 ಕಾರ್ಯಕ್ರಮಕ್ಕಾಗಿ ತಂಡದ ನಾಲ್ವರೂ ಒಂದೇ ವೇದಿಕೆ ಹತ್ತಿದರು. 2008ರ ಸೆಪ್ಟೆಂಬರಿನಲ್ಲಿ ಕೀಬೋರ್ಡ್ ನುಡಿಸುತ್ತಿದ್ದ ರಿಕ್ ರೈಟ್ ತೀರಿಕೊಂಡರು. ಅಲ್ಲಿಗೆ ನಾಲ್ವರನ್ನು ಒಟ್ಟಿಗೆ ನೋಡುವ ಆಸೆ ಮುಗಿಯಿತು. ಉಳಿದದ್ದು ಒಬ್ಬೊಬ್ಬರನ್ನೇ ಹುಡುಕಿಕೊಂಡು ಹೋಗುವುದು.

ವಾಟರ್ಸ್ ಅವರೇ ನಮ್ಮೂರಿಗೆ ಬಂದಿದ್ದರು. 2002ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿದರು. ಹಾಸ್ಟೆಲಿನ ಹುಡುಗರೆಲ್ಲ ಮೆಸ್ ಬಿಲ್ಲಿನ ದುಡ್ಡಲ್ಲಿ ಟಿಕೆಟ್ ಕೊಂಡು ಹೋಗಿದ್ದೆವು. ಆ ರಾತ್ರಿ ‘ಕಂಫರ್ಟಬ್ಲಿ ನಂಬ್’ ಹಾಡಿನ ಕೊನೆಯಲ್ಲಿ ಗಿಲ್ಮೋರ್ ಒಬ್ಬರೇ ನುಡಿಸುವ ಗಿಟಾರನ್ನು ಇಬ್ಬರು ವಾದಕರು ಹಂಚಿಕೊಂಡು ನುಡಿಸಿದರು. ಇಬ್ಬರೂ ಗಟ್ಟಿಗರೇ. ಆದರೂ ಮೈದಾನದಲ್ಲಿದ್ದ ನಮಗೆಲ್ಲ ಇಲ್ಲದವನ ನೆನಪೇ ಹೆಚ್ಚು ಬಂತು. ಜುಗಲ್‌ಬಂದಿಯ ನಡುವೆ ಒಬ್ಬರು ಎದ್ದುಹೋದರೆ ಉಳಿದವರು ಎಷ್ಟು ಚೆನ್ನಾಗಿ ನುಡಿಸಿದರೂ ಕಿವಿ ಆ ಖಾಲಿ ಜಾಗದ ಕಡೆಗೇ ತಿರುಗುತ್ತದಲ್ಲ, ಹಾಗೆ. ಗಿಲ್ಮೋರ್ ಅವರನ್ನು ಎಲ್ಲಾದರೂ ಸರಿ, ಒಮ್ಮೆ ಕೇಳಲೇಬೇಕು ಎಂದು ಅಂದೇ ನಿಶ್ಚಯಿಸಿದ್ದೆ.

ಅದಕ್ಕೆ ಮೊದಲು ವಾಟರ್ಸ್ ಮತ್ತೊಮ್ಮೆ ಸಿಕ್ಕರು. 2023ರ ಜೂನ್‌ನಲ್ಲಿ ಲಂಡನ್ನಿನ ಓಟೂ ಅರೇನಾದಲ್ಲಿ. ಕಚೇರಿ ಕೆಲಸಕ್ಕೆ ಹೋಗಿದ್ದವನು ಎರಡು ದಿನ ರಜೆ ಹಾಕಿ ಉಳಿದುಕೊಂಡೆ. ವೇದಿಕೆ ಸಭಾಂಗಣದ ನಟ್ಟನಡುವೆ, ಅದರ ಮೇಲೆ ಶಿಲುಬೆಯಾಕಾರದಲ್ಲಿ ದೈತ್ಯ ಪರದೆಗಳು. ಪಿಂಕ್ ಫ್ಲಾಯ್ಡ್ ಸಂಗೀತ ಬೇಕು, ವಾಟರ್ಸ್ ರಾಜಕೀಯ ಬೇಡ ಎನ್ನುವವರು ಈಗಲೇ ಎದ್ದು ಬಾರಿಗೆ ಹೋಗಬಹುದು ಎಂಬ ಪ್ರಕಟಣೆ ಶುರುವಿನಲ್ಲೇ ಬಂತು, ಇನ್ನೂ ಖಾರವಾದ ಮಾತಿನಲ್ಲಿ. ಅದಕ್ಕೆ ನನ್ನ ತಕರಾರಿಲ್ಲ. ಯುದ್ಧದ ಮೇಲಿನ ಸಿಟ್ಟನ್ನು ತೆಗೆದುಹಾಕಿದರೆ ವಾಟರ್ಸ್ ಬರೆದ ಸಾಹಿತ್ಯದಲ್ಲಿ ಉಳಿಯುವುದು ಕಡಿಮೆ. ನೋವಾಗಿದ್ದು ಮೊದಲ ಹಾಡಿನಿಂದಲೇ. ‘ಕಂಫರ್ಟಬ್ಲಿ ನಂಬ್’ ಅನ್ನೇ ಆರಂಭಕ್ಕೆ ತಂದಿದ್ದರು. ಪರದೆಯ ಮೇಲೆ ಪಾಳುಬಿದ್ದ ನಗರ, ಕೆಳಸ್ಥಾಯಿಗೆ ಇಳಿದ ಧ್ವನಿ. ಗಿಟಾರ್ ಬರಬೇಕಾದ ಜಾಗದಲ್ಲಿ ಶಾನೇ ಜಾನ್ಸನ್ ಎಂಬ ಗಾಯಕಿಯ ಆಲಾಪ. ಇಪ್ಪತ್ತೊಂದು ವರ್ಷದ ಹಿಂದೆ ಬೆಂಗಳೂರಿನಲ್ಲಿ ಬೇರೆಯವರ ಕೈಯಲ್ಲಾದರೂ ಕೇಳಿಸಿದ್ದ ಗಿಲ್ಮೋರ್ ಸ್ವರಗಳು ಇಲ್ಲಿ ಪೂರ್ತಿ ಅಳಿಸಿಹೋಗಿದ್ದವು. ಗಾಯಕಿ ಅದ್ಭುತವಾಗಿ ಹಾಡಿದರು. ಆದರೆ ಆ ಹಾಡಿನ ಮೇಲೆ ಇಬ್ಬರಿಗೂ ಸಮಪಾಲಿದೆ, ಒಬ್ಬರ ಪಾಲನ್ನು ಇನ್ನೊಬ್ಬರು ಹೀಗೆ ಅಳಿಸಬಾರದಿತ್ತು ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ.

ಅದೇ ರಾತ್ರಿ ‘ವಿಶ್ ಯೂ ವರ್ ಹಿಯರ್’ ನಡೆಯುವಾಗ ಪರದೆಯ ಮೇಲೆ ಅಕ್ಷರಗಳು ಮೂಡಿದವು. ಕೇಂಬ್ರಿಜ್‌ನ ಗೆಳೆಯ ಸಿಡ್ ಬ್ಯಾರೆಟ್ ಜೊತೆ ಹುಡುಗುತನದಲ್ಲಿ ಬ್ಯಾಂಡ್ ಕಟ್ಟುವ ಕನಸು ಕಂಡದ್ದನ್ನು ವಾಟರ್ಸ್ ಹೇಳಿಕೊಂಡಿದ್ದರು. ಸುತ್ತ ಎಷ್ಟೋ ಮಂದಿ ಕಣ್ಣೊರೆಸಿಕೊಂಡರು. ಸತ್ತ ಗೆಳೆಯನನ್ನು ಇಷ್ಟು ಮೃದುವಾಗಿ ನೆನೆಯುವ ಮನುಷ್ಯ, ಬದುಕಿರುವ ಗೆಳೆಯನ ಕುರಿತು ಯಾಕೆ ಇಷ್ಟು ಕಠಿಣ?

ಗಿಲ್ಮೋರ್ ಸಿಕ್ಕಿದ್ದು 2024ರ ಶರತ್ಕಾಲದಲ್ಲಿ, ರೋಮ್‌ನಲ್ಲಿ. ‘ಲಕ್ ಅಂಡ್ ಸ್ಟ್ರೇಂಜ್’ ಆಲ್ಬಂ ಸೆಪ್ಟೆಂಬರ್ 6ಕ್ಕೆ ಬಿಡುಗಡೆಯಾಗಿತ್ತು. ಅದರ ಪ್ರವಾಸ ಮುಖ್ಯವಾಗಿ ರೋಮ್, ಲಂಡನ್, ಲಾಸ್ ಏಂಜಲೀಸ್, ನ್ಯೂಯಾರ್ಕ್‌ಗಳಲ್ಲಿತ್ತು. ಹಾಸ್ಟೆಲಿನ ನನ್ನ ದಾವಣಗೆರೆ ಗೆಳೆಯ ಈಗ ಮ್ಯೂನಿಕ್‌ನಲ್ಲಿದ್ದಾನೆ. ಅರಮನೆ ಮೈದಾನದಲ್ಲಿ ಹೆಗಲ ಮೇಲೆ ಕೈಹಾಕಿ ನಿಂತಿದ್ದವನು. ಟಿಕೆಟ್ ಹಿಡಿದಿದ್ದು ಅವನೇ. ರೋಮ್‌ನ ತೆರ್ಮಿನಿ ನಿಲ್ದಾಣದಲ್ಲಿ ಭೇಟಿಯಾದೆವು. ಕಾರ್ಯಕ್ರಮದ ದಿನ ಬೆಳಿಗ್ಗೆ ಕಾಫಿ ಕುಡಿಯುತ್ತ ನನ್ನ ಯೋಜನೆ ಹೇಳಿದೆ.

“ಏನಲೇ, ರೋಮ್‌ಗೆ ಬಂದು ಕೊಲೋಸಿಯಂ ಬಿಟ್ಟು ಅಪ್ರೀಲಿಯಾ ಅಂತೀಯ? ಅಲ್ಲೇನೈತಿ?”

“ವಾಟರ್ಸ್ ಅಪ್ಪ ಸತ್ತಿದ್ದು ಅಲ್ಲೇ ಕಣೋ.”

ಅವನು ಮರುಮಾತಾಡಲಿಲ್ಲ. ಕಾಫಿ ಮುಗಿಸಿ ಎದ್ದ.

ರೋಮ್‌ನಿಂದ ನೆತ್ತೂನೋಗೆ ಹೋಗುವ ಲೋಕಲ್ ರೈಲು ಅಪ್ರೀಲಿಯಾ ಮೇಲೇ ಸಾಗುತ್ತದೆ. ನಗರದ ದಕ್ಷಿಣಕ್ಕೆ ಸುಮಾರು 40 ಕಿಲೋಮೀಟರ್, ಮುಕ್ಕಾಲು ಗಂಟೆಯ ದಾರಿ. ಹಳೆಯ ಜಲನಾಲೆಯ ಕಮಾನುಗಳು ಹಿಂದಾದ ಮೇಲೆ ನೆಲ ಚಪ್ಪಟೆಯಾಗುತ್ತ ಹೋಗುತ್ತದೆ. ಒಂದು ಕಾಲಕ್ಕೆ ಇದೆಲ್ಲ ಮಲೇರಿಯಾದ ಜೌಗು. ಮುಸೊಲಿನಿ ಕಾಲದಲ್ಲಿ ನೀರು ಬಸಿದು ಹೊಸ ಊರುಗಳನ್ನು ಕಟ್ಟಿದರು, 1936ರಲ್ಲಿ ಅಡಿಗಲ್ಲು ಹಾಕಿಸಿಕೊಂಡ ಅಪ್ರೀಲಿಯಾ ಅದರಲ್ಲೊಂದು. ಎಂಟು ವರ್ಷದಲ್ಲೇ ಅದು ಇಟ್ಟಿಗೆಯ ರಾಶಿಯಾಯಿತು. 1944ರ ಜನವರಿ 22ರಂದು ಮಿತ್ರಪಡೆಗಳು ಹತ್ತಿರದ ಆಂಜಿಯೋ ತೀರದಲ್ಲಿ ಇಳಿದವು. ಆದರೆ ಬೇಗ ಮುಂದೊತ್ತದೆ ಅಲ್ಲೇ ಬೇರೂರಿ ಕೂತವು. ಫೆಬ್ರುವರಿ ನಡುವಿನಲ್ಲಿ ಜರ್ಮನ್ನರು ತಿರುಗಿಬಿದ್ದರು. ಆ ಕಾಳಗದಲ್ಲಿ, ಫೆಬ್ರುವರಿ 18ರಂದು, ರಾಯಲ್ ಫ್ಯುಸಿಲಿಯರ್ಸ್‌ನ ಸೆಕೆಂಡ್ ಲೆಫ್ಟಿನೆಂಟ್ ಎರಿಕ್ ಫ್ಲೆಚರ್ ವಾಟರ್ಸ್ ಸತ್ತರು. ವೃತ್ತಿಯಿಂದ ಶಾಲಾ ಮೇಷ್ಟ್ರು. ಯುದ್ಧ ಶುರುವಾದಾಗ ಬಂದೂಕು ಹಿಡಿಯಲೊಲ್ಲೆ ಎಂದು ಲಂಡನ್ನಿನಲ್ಲಿ ಆಂಬ್ಯುಲೆನ್ಸ್ ಓಡಿಸಿದವರು. ಫ್ಯಾಸಿಸಂ ಎದುರು ಸುಮ್ಮನಿರುವುದು ತಪ್ಪೆಂದು ಕಂಡ ಮೇಲೆ ಮನಸ್ಸು ಬದಲಿಸಿ ಸೇನೆಗೆ ಸೇರಿದರು. ಅವರ ಕಿರಿಯ ಮಗ ರೋಜರ್‌ಗೆ ಆಗ ಐದು ತಿಂಗಳು. ದೇಹ ಸಿಗಲಿಲ್ಲ. ಹೆಸರು ಮಾತ್ರ ಕಾಸ್ಸಿನೋ ಊರಿನ ಯುದ್ಧ ಸ್ಮಾರಕದ ಮೇಲಿದೆ.

ಸತ್ತ ಜಾಗ ಯಾವುದೆಂದು ಮಗನಿಗೆ ಎಪ್ಪತ್ತು ವರ್ಷ ತಿಳಿದಿರಲಿಲ್ಲ. ಇಟಲಿಯಲ್ಲೇ ನೆಲೆಸಿದ್ದ, ಆಂಜಿಯೋದಲ್ಲಿ ತಾನೂ ಕಾದಾಡಿದ್ದ ಹ್ಯಾರಿ ಶಿಂಡ್ಲರ್ ಎಂಬ ಬ್ರಿಟಿಷ್ ಮಾಜಿ ಸೈನಿಕ, ತೊಂಬತ್ತು ದಾಟಿದ ವಯಸ್ಸಿನಲ್ಲಿ ಹಳೆಯ ದಾಖಲೆ ಜಾಲಾಡಿ ಅದನ್ನು ಪತ್ತೆಹಚ್ಚಿದರು. 2014ರ ಫೆಬ್ರುವರಿ 18ರಂದು ವಾಟರ್ಸ್ ಇಲ್ಲಿಗೆ ಬಂದು ತಂದೆಯ ನೆನಪಿನ ಕಲ್ಲನ್ನು ಕಂಡರು.

ಸ್ಟೇಷನ್ನಿನಲ್ಲಿ ಇಳಿದಾಗ ದಾರಿ ಕೇಳಲು ಭಾಷೆ ಗೊತ್ತಿರಲಿಲ್ಲ. ಸೈಕಲ್ ತಳ್ಳಿಕೊಂಡು ಬರುತ್ತಿದ್ದ ಪಗಡಿಯ ಒಬ್ಬರು ನಮ್ಮ ಮುಖ ನೋಡಿ ಹಿಂದಿಯಲ್ಲೇ ಮಾತಾಡಿಸಿದರು. ಈ ಬಯಲಿನ ಕಿವಿ ಹಣ್ಣಿನ ತೋಟಗಳಲ್ಲಿ, ತರಕಾರಿ ಹೊಲಗಳಲ್ಲಿ ದುಡಿಯುವವರಲ್ಲಿ ಪಂಜಾಬಿಗಳು ಬಹಳ. ಕೂಲಿ ಕಡಿಮೆ, ಗೇಯುವ ಹೊತ್ತು ಜಾಸ್ತಿ ಎಂದು ಅವರೇ ಹೇಳಿದರು. ಅದೇ ವರ್ಷ ಜೂನ್‌ನಲ್ಲಿ, ಪಕ್ಕದ ಲಾತೀನಾ ಕಡೆಯ ಹೊಲದಲ್ಲಿ ಯಂತ್ರಕ್ಕೆ ಸಿಕ್ಕಿ ಕೈ ಕಳೆದುಕೊಂಡ ಸತ್ನಾಮ್ ಸಿಂಗ್ ಎಂಬ ಕೂಲಿಕಾರ ಸತ್ತಿದ್ದ. ಇಟಲಿಯಿಡೀ ಸುದ್ದಿಯಾಗಿತ್ತು. ಆ ಹೆಸರು ಎತ್ತಿದಾಗ ಅವರು ಸೈಕಲ್ಲಿನ ಬೆಲ್ಲನ್ನು ಸುಮ್ಮನೆ ಒರೆಸುತ್ತ ನಿಂತರು. ಆಮೇಲೆ ಟ್ಯಾಕ್ಸಿಯವನಿಗೆ ಇಟಾಲಿಯನ್ನಿನಲ್ಲಿ ದಾರಿ ಹೇಳಿ ನಮ್ಮನ್ನು ಹತ್ತಿಸಿದರು.

ಊರಾಚೆ ರಸ್ತೆ ಪಕ್ಕ ಆ ನೆನಪಿನ ಕಲ್ಲು ಇದೆ. ವಿಶೇಷ ಅಲಂಕಾರವೇನೂ ಇಲ್ಲ. ಸುತ್ತ ಹೊಲ, ಮನೆ, ಓಡಾಡುವ ಟ್ರಾಕ್ಟರು. ಬದುಕಿದ್ದಾಗ ನೋಡದ ಅಪ್ಪ, ಸತ್ತ ಮೇಲೂ ಸಿಗದ ಅಪ್ಪ. ‘ದಿ ವಾಲ್’ ಎಂಬ ಇಡೀ ಆಲ್ಬಂ, ‘ವೆನ್ ದ ಟೈಗರ್ಸ್ ಬ್ರೋಕ್ ಫ್ರೀ’ ಹಾಡು, ‘ದಿ ಫೈನಲ್ ಕಟ್’, ಎಲ್ಲವೂ ಇಲ್ಲಿಂದ ಹೊರಟಿದ್ದು. ಲಂಡನ್ನಿನ ಆ ಪ್ರಕಟಣೆ ನನಗೆ ಇಲ್ಲಿ ಬೇರೆಯಾಗಿ ಕೇಳಿಸಿತು. ಯುದ್ಧ ಈ ಮನುಷ್ಯನಿಗೆ ಚರ್ಚೆಯ ವಿಷಯವಲ್ಲ, ಹುಟ್ಟಿದ ಐದನೇ ತಿಂಗಳಿಗೆ ಮನೆಗೆ ಬಂದ ಸಾವು. ಅವರು ಹೇಳುವ ಎಲ್ಲವನ್ನೂ ನಾನು ಒಪ್ಪಲಾರೆ. ಒಪ್ಪದಿರುವಾಗಲೂ ಈ ಹೊಲ ಕಣ್ಣ ಮುಂದೆ ಇರುತ್ತದೆ.

ಸಂಜೆ ರೋಮ್‌ಗೆ ಮರಳಿ, ಮೆಟ್ರೋದ ಬಿ ಲೈನ್ ಹಿಡಿದು ಚಿರ್ಕೋ ಮಾಸ್ಸಿಮೋ ನಿಲ್ದಾಣದಲ್ಲಿ ಇಳಿದೆವು. ಪಲಟೈನ್ ಮತ್ತು ಅವೆಂಟೈನ್ ಗುಡ್ಡಗಳ ನಡುವಿನ ಉದ್ದನೆ ತಗ್ಗು ಅದು. ಸುಮಾರು 600 ಮೀಟರ್ ಉದ್ದದ ಈ ಕಣದಲ್ಲಿ ಪ್ರಾಚೀನ ರೋಮನ್ನರು ರಥ ಓಡಿಸುತ್ತಿದ್ದರು. ಈಗ ಹುಲ್ಲು, ಧೂಳು, ಒಂದಷ್ಟು ಅವಶೇಷ. ಮೇಲೆ ಅರಮನೆಗಳ ಮುರುಕು ಗೋಡೆಗಳಿಗೆ ದೀಪ ಹಾಕಿದ್ದರು, ಕೊಡೆಯಂತೆ ಹರಡಿದ ಪೈನ್ ಮರಗಳು ಆಕಾಶದ ಎದುರು ಕಪ್ಪಾಗಿ ನಿಂತಿದ್ದವು. ವಾಟರ್ಸ್ ಕೂಡ 2018ರ ಜುಲೈನಲ್ಲಿ ಇದೇ ನೆಲದ ಮೇಲೆ ಹಾಡಿ ಹೋಗಿದ್ದರು.

ಕತ್ತಲಾದ ಮೇಲೆ ಗಿಲ್ಮೋರ್ ಬಂದರು. 78 ವರ್ಷ. ಕಪ್ಪು ಬಟ್ಟೆ, ಬಿಳಿ ಗಡ್ಡ. ಪ್ರಕಟಣೆ ಇಲ್ಲ, ಭಾಷಣ ಇಲ್ಲ. ‘5 ಎ.ಎಂ.’ ಎಂಬ ಮಾತಿಲ್ಲದ ರಚನೆಯಿಂದ ಶುರು. ಅವರ ಹೆಸರಾಂತ ಕಪ್ಪು ಸ್ಟ್ರ್ಯಾಟ್ ಗಿಟಾರ್ 2019ರಲ್ಲಿ ಹರಾಜಾಗಿ 39.75 ಲಕ್ಷ ಡಾಲರಿಗೆ ಹೋಗಿತ್ತು. ಆ ಹರಾಜಿನ ಹಣವನ್ನೆಲ್ಲ ಹವಾಮಾನ ಬದಲಾವಣೆಯ ವಿರುದ್ಧ ಹೋರಾಡುವ ಸಂಸ್ಥೆಗೆ ಕೊಟ್ಟುಬಿಟ್ಟಿದ್ದರು. ಆದರೆ ನಾದ ಆ ಗಿಟಾರಿನಲ್ಲಿ ಇರಲಿಲ್ಲ ಎಂದು ಮೊದಲ ನಿಮಿಷಕ್ಕೇ ಗೊತ್ತಾಯಿತು. ಒಂದು ಸ್ವರವನ್ನು ತಡೆದು, ತಂತಿಯನ್ನು ಎಳೆದು, ಅದು ಮುಂದಿನ ಸ್ವರಕ್ಕೆ ಏರುವ ತನಕ ಅವರು ಕಾಯುವ ರೀತಿಯನ್ನು ಧ್ವನಿಮುದ್ರಿಕೆ ಅರ್ಧ ಮಾತ್ರ ಹಿಡಿದಿತ್ತು.

ಆದರೆ ನಾನು ಎಣಿಸದೇ ಇದ್ದ ಇನ್ನೊಬ್ಬರು ಆ ರಾತ್ರಿ ವೇದಿಕೆ ತುಂಬಾ ಇದ್ದರು, ರಿಕ್ ರೈಟ್. ‘ಲಕ್ ಅಂಡ್ ಸ್ಟ್ರೇಂಜ್’ ಹಾಡು ಹುಟ್ಟಿದ್ದೇ 2007ರಲ್ಲಿ ಗಿಲ್ಮೋರ್ ಮನೆಯ ಕೊಟ್ಟಿಗೆಯಲ್ಲಿ ನುಡಿಸಿಕೊಂಡ ಸಂಗೀತದಿಂದ, ಆಲ್ಬಂನಲ್ಲಿ ರೈಟ್ ಅವರ ಕೀಬೋರ್ಡ್ ಹಾಗೇ ಇದೆ. ಅವರಿಗಾಗಿಯೇ ಬರೆದ ‘ಎ ಬೋಟ್ ಲೈಸ್ ವೇಟಿಂಗ್’ ಹಾಡಿದರು. ರೈಟ್ ರಚಿಸಿದ ‘ದ ಗ್ರೇಟ್ ಗಿಗ್ ಇನ್ ದ ಸ್ಕೈ’ ಶುರುವಾದಾಗ ಗಾಯಕಿಯರು ಪಿಯಾನೊ ಸುತ್ತ ಸೇರಿದರು. ಅವರಲ್ಲೊಬ್ಬಳು ಗಿಲ್ಮೋರ್ ಮಗಳು ರೋಮನಿ. 1973ರ ಮೂಲದಲ್ಲಿ ಕ್ಲೇರ್ ಟೋರಿ ಒಬ್ಬಳೇ ಗಂಟಲು ಬಿಚ್ಚಿ ಅತ್ತಂತಿದ್ದ ಆ ಹಾಡು ಇಲ್ಲಿ ಮನೆಮಂದಿ ಒಟ್ಟಿಗೆ ಕೂತು ಹಾಡಿದಂತೆ ಹಗುರಾಯಿತು. ವಾಟರ್ಸ್ ಎಡಕ್ಕೆ, ಗಿಲ್ಮೋರ್ ಬಲಕ್ಕೆ ಎಂದು ನಾವು ಅಭಿಮಾನಿಗಳು ಇಷ್ಟು ವರ್ಷ ಪಾಲು ಹಂಚುತ್ತ ಕೂತಿದ್ದೆವು. ಇಬ್ಬರನ್ನೂ ಒಂದೇ ನೆಲದಲ್ಲಿ ನಿಲ್ಲಿಸಿದ್ದ ಸಂಗೀತ ಬಹುಪಾಲು ಈ ಮೌನಿಯದ್ದು. ಅವರನ್ನು ಬೇರೆಯಾಗಿ ನೋಡಲು ಯಾವ ಊರಿಗೂ ಟಿಕೆಟ್ ಇಲ್ಲ.

ಗಿಲ್ಮೋರ್ ಪಟ್ಟಿಯಲ್ಲಿ ‘ಮನಿ’ ಇರಲಿಲ್ಲ, ‘ಶೈನ್ ಆನ್’ ಇರಲಿಲ್ಲ. ವಾಟರ್ಸ್ ಹೋದ ನಂತರದ ‘ಹೈ ಹೋಪ್ಸ್’, ‘ಸಾರೋ’, ‘ಕಮಿಂಗ್ ಬ್ಯಾಕ್ ಟು ಲೈಫ್’ಗೆ ಹೆಚ್ಚು ಜಾಗ. ಹಾಗಿದ್ದೂ ಕೊನೆಗೆ ‘ಕಂಫರ್ಟಬ್ಲಿ ನಂಬ್’ ಬರಲೇಬೇಕಾಯಿತು. ಮಟ್ಟು ಗಿಲ್ಮೋರ್ ಅವರದು, 1978ರಲ್ಲಿ ತಮ್ಮ ಮೊದಲ ಸ್ವಂತ ಆಲ್ಬಂ ಮಾಡುವಾಗ ಹೊಳೆದದ್ದು. ಮಾತು ವಾಟರ್ಸ್ ಅವರದು. ವಾದ್ಯಮೇಳ ಹೇಗಿರಬೇಕೆಂದು ಇಬ್ಬರೂ ಜಗಳವಾಡಿ, ಕೊನೆಗೆ ಎರಡು ರೀತಿಯನ್ನೂ ಸೇರಿಸಿ ಮುಗಿಸಿದ ಹಾಡು. ವಾಟರ್ಸ್ ಹಾಡುತ್ತಿದ್ದ ಸಾಲುಗಳನ್ನು ಇಲ್ಲಿ ಬೇರೆ ಕಂಠ ಹಾಡಿತು. ಪಲ್ಲವಿಗೆ ಗಿಲ್ಮೋರ್ ಬಂದರು. ಆಮೇಲೆ ಆ ಗಿಟಾರ್. ಲೇಸರ್ ಬೆಳಕು ಪೈನ್ ಮರಗಳ ಮೇಲೆ ಹಾದು ಹೋಗುತ್ತಿತ್ತು, ದಾವಣಗೆರೆ ಗೆಳೆಯ ಬಾಯಿ ತೆರೆದು ನಿಂತಿದ್ದ. ನನ್ನ ಕಣ್ಣಿಗೆ ಬೆಳಿಗ್ಗೆ ಕಂಡ ಕಲ್ಲು ಬಂತು. ನೋವಿಗೆ ಮಾತು ಕೊಟ್ಟವನ ಅಪ್ಪ ಇಲ್ಲಿಂದ 40 ಕಿಲೋಮೀಟರಿನಲ್ಲಿ ಮಣ್ಣಾಗಿದ್ದಾನೆ, ಆ ನೋವಿಗೆ ನಾದ ಕೊಟ್ಟವನು ಇಲ್ಲಿ ನುಡಿಸುತ್ತಿದ್ದಾನೆ, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಹಾಡಿಗೆ ಮಾತ್ರ ಇಬ್ಬರೂ ಬೇಕು.

ವಾಪಸ್ ಮೆಟ್ರೋದಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಎರಡು ನಿಲ್ದಾಣ ದಾಟುವವರೆಗೂ ಗೆಳೆಯ ಮಾತಾಡಲಿಲ್ಲ. ಆಮೇಲೆ, “ಮೇಸನ್ ಒಬ್ಬರು ಉಳಿದ್ರಲ್ಲೋ” ಅಂದ. ಹೌದು, ನಿಕ್ ಮೇಸನ್. ತಂಡದ ಪ್ರತಿಯೊಂದು ಸ್ಟುಡಿಯೋ ಆಲ್ಬಂನಲ್ಲೂ ಇರುವವರು ಈ ಡ್ರಮ್ಮರ್ ಒಬ್ಬರೇ. 2018ರಿಂದ ತಮ್ಮದೇ ಬ್ಯಾಂಡ್ ಕಟ್ಟಿಕೊಂಡು ‘ಡಾರ್ಕ್ ಸೈಡ್’ ಆಲ್ಬಂಗಿಂತ ಹಿಂದಿನ ಹಾಡುಗಳನ್ನೇ ನುಡಿಸುತ್ತಿದ್ದಾರೆ. 2019ರಲ್ಲಿ ನ್ಯೂಯಾರ್ಕಿನ ಅವರ ಕಾರ್ಯಕ್ರಮಕ್ಕೆ ವಾಟರ್ಸ್ ತಾವಾಗಿ ಬಂದು ಒಂದು ಹಾಡು ಹಾಡಿ ಹೋದರು. 2022ರಲ್ಲಿ ಉಕ್ರೇನ್‌ಗಾಗಿ ಗಿಲ್ಮೋರ್ ಹಾಡು ಮಾಡಿದಾಗ ಡ್ರಮ್ ನುಡಿಸಿದ್ದೂ ಮೇಸನ್ ಅವರೇ. ಮೇಸನ್ ಇನ್ನೊಮ್ಮೆ ಪ್ರವಾಸ ಹೊರಟರೆ ಟಿಕೆಟ್ ಹಿಡಿಯುವ ಸರದಿ ನನ್ನದು ಎಂದು ತೆರ್ಮಿನಿಯಲ್ಲಿ ಇಳಿಯುವಷ್ಟರಲ್ಲಿ ತೀರ್ಮಾನವಾಯಿತು.